ಕ್ರಿಸ್ತರಾಜರ ಹಬ್ಬ, ಸಂವಿಧಾನದ ದಿನ ಮತ್ತು ನಮ್ಮ ಶಾಲೆಗಳು



ನಮ್ಮ ಪೂಜಾವರ್ಷದ ಕಡೆಯ ಭಾನುವಾರ ನಾವು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತೇವೆ. ನವೆಂಬರ್ 20ರಿಂದ 26ರೊಳಗೆ ಈ ಭಾನುವಾರ ಬರುತ್ತದೆ. ನವೆಂಬರ್ 26 ನಮ್ಮ ದೇಶದ ಸಂವಿಧಾನದ ದಿನವೂ ಹೌದು. 1949ರ ಆ ದಿನ ಸಂವಿಧಾನ ರಚನಾ ಸಭೆಯು ಭಾರತದ ಸಂವಿಧಾನವನ್ನು ಅಂಗೀಕರಿಸಿತು. ಒಂದೇ ವಾರದಲ್ಲಿ ನಾವು ಕ್ರಿಸ್ತರನ್ನು ಅರಸರೆಂದು ಕೊಂಡಾಡುತ್ತೇವೆ ಮತ್ತು ಯಾವ ಧರ್ಮವನ್ನೂ ತನ್ನದೆಂದು ಹೇಳಿಕೊಳ್ಳದ ಒಂದು ಗಣರಾಜ್ಯದ ಪ್ರಜೆಗಳೆಂದು ಹೆಮ್ಮೆ ಪಡುತ್ತೇವೆ. ಇವೆರಡೂ ಹೇಗೆ ಹೊಂದುತ್ತವೆ?

ಈ ಪ್ರಶ್ನೆ ಬರೀ ಪಂಡಿತರದ್ದಲ್ಲ. ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲೇ ಇರುವ ಶಾಲೆಯ ಗೇಟಿನ ಬಳಿ ಅದು ದಿನವೂ ಎದುರಾಗುತ್ತದೆ. ಜಾತ್ಯತೀತ ದೇಶದಲ್ಲಿ ಶಿಲುಬೆ ಹೊತ್ತ ಶಾಲೆ ಏಕಿರಬೇಕು ಎಂದು ಕೆಲವರು ಕೇಳುತ್ತಾರೆ. ಸರ್ಕಾರದ ಸಂಬಳ ಪಡೆಯುವ ಶಿಕ್ಷಕರಿರುವ ಶಾಲೆಯಲ್ಲಿ ಜಪ ಹೇಳಿಸುವುದು ಸರಿಯೇ ಎಂದು ಇನ್ನು ಕೆಲವರು ಕೇಳುತ್ತಾರೆ. ನಮ್ಮವರೇ ಆದ ತಂದೆತಾಯಿಯರು, ನಮ್ಮ ಶಾಲೆಯಲ್ಲಿ ನಮ್ಮ ಮಕ್ಕಳಿಗೇ ಸೀಟು ಸಿಗದಿದ್ದರೆ ಅದು ಯಾರ ಶಾಲೆ ಎಂದು ನೊಂದು ಕೇಳುತ್ತಾರೆ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆಯ ಕಡೆಗೆ ಹೊರಳಬೇಕು.

1925ರ ಎರಡು ಘಟನೆಗಳು

ಕ್ರಿಸ್ತರಾಜರ ಹಬ್ಬ ಬಹಳ ಹಳೆಯದೇನಲ್ಲ. ಜಗದ್ಗುರು ಹನ್ನೊಂದನೇ ಪಯಸ್‌ರವರು ಅದನ್ನು ಸ್ಥಾಪಿಸಿದ್ದು 1925ರ ಡಿಸೆಂಬರ್ 11ರಂದು. ಆ ಕಾಲದಲ್ಲಿ ಹಲವು ದೇಶಗಳ ಸರ್ಕಾರಗಳು ಮಕ್ಕಳ ಶಿಕ್ಷಣ ಸಂಪೂರ್ಣವಾಗಿ ತಮ್ಮ ಸ್ವತ್ತು ಎಂದು ಹೇಳತೊಡಗಿದ್ದವು. ಮೆಕ್ಸಿಕೊ ದೇಶದ 1917ರ ಸಂವಿಧಾನವು ಧಾರ್ಮಿಕ ಸಂಸ್ಥೆಗಳು ಪ್ರಾಥಮಿಕ ಶಾಲೆಗಳನ್ನು ನಡೆಸದಂತೆ ನಿಷೇಧಿಸಿತ್ತು. ಅಲ್ಲಿ ಮುಂದೆ ನಡೆದ ಹಿಂಸೆಯಲ್ಲಿ ಯೇಸುಸಭೆಯ ಗುರು ಮಿಗೆಲ್ ಪ್ರೊ 1927ರ ನವೆಂಬರ್ 23ರಂದು ಗುಂಡಿಗೆ ಬಲಿಯಾದರು. ಕ್ರಿಸ್ತರಾಜರಿಗೆ ಜಯವಾಗಲಿ ಎಂಬುದೇ ಅವರ ಕೊನೆಯ ಘೋಷಣೆಯಾಗಿತ್ತು. 1988ರಲ್ಲಿ ಧರ್ಮಸಭೆ ಅವರನ್ನು ಪುನೀತರ ಸಾಲಿಗೆ ಸೇರಿಸಿತು.

ಅದೇ 1925ರ ಜೂನ್ 1ರಂದು ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಒರೆಗಾನ್ ರಾಜ್ಯವು 1922ರಲ್ಲಿ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾನೂನು ಮಾಡಿತ್ತು. ಅದು ಜಾರಿಯಾಗಿದ್ದರೆ ಕನ್ಯಾಸ್ತ್ರೀಯರ ಶಾಲೆಗಳೆಲ್ಲ ಬಾಗಿಲು ಹಾಕಬೇಕಿತ್ತು. ಒಂದು ಕನ್ಯಾಸ್ತ್ರೀ ಸಭೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ಮಗು ಬರೀ ಸರ್ಕಾರದ ಸೃಷ್ಟಿಯಲ್ಲ, ಅದನ್ನು ಸಾಕಿ ದಾರಿ ತೋರಿಸುವ ತಂದೆತಾಯಿಗೆ ಹಕ್ಕೂ ಇದೆ, ಹೊಣೆಯೂ ಇದೆ ಎಂಬುದು ಆ ತೀರ್ಪಿನ ಸಾರ. ಹನ್ನೊಂದನೇ ಪಯಸ್‌ರವರು 1929ರಲ್ಲಿ ಶಿಕ್ಷಣದ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಈ ತೀರ್ಪನ್ನು ಮೆಚ್ಚಿ ಸ್ಮರಿಸಿದ್ದಾರೆ. ಒಂದು ಜಾತ್ಯತೀತ ರಾಷ್ಟ್ರದ ನ್ಯಾಯಾಲಯದ ಮಾತನ್ನು ಜಗದ್ಗುರುಗಳು ತಮ್ಮ ಬೋಧನೆಗೆ ಆಸರೆಯಾಗಿ ತೆಗೆದುಕೊಂಡದ್ದು ಸಣ್ಣ ವಿಷಯವಲ್ಲ. ಸರ್ಕಾರವು ಧರ್ಮದಿಂದ ಬೇರೆಯಾಗಿರುವುದು ಒಂದು ಮಾತು, ಧರ್ಮವನ್ನು ಶಾಲೆಯಿಂದ ಹೊರದಬ್ಬುವುದು ಮತ್ತೊಂದು ಮಾತು ಎಂಬುದನ್ನು ಆ ಒಂದೇ ವರ್ಷ ತೋರಿಸಿಕೊಟ್ಟಿತು.

ನಮ್ಮ ನಾಡಿನಲ್ಲಿ ಬಿತ್ತಿದ ಬೀಜ

ನಮ್ಮ ದೇಶದ ಕತೆಯೇ ಬೇರೆ. ಇಲ್ಲಿ ಸರ್ಕಾರ ಮತ್ತು ಧಾರ್ಮಿಕ ಶಾಲೆ ಮೊದಲಿನಿಂದಲೂ ಒಂದೇ ನೊಗಕ್ಕೆ ಹೆಗಲು ಕೊಟ್ಟಿವೆ. 1854ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣದ ಆದೇಶಪತ್ರವು ಅನುದಾನ ಪದ್ಧತಿಗೆ ದಾರಿ ಮಾಡಿತು. ಶಾಲೆ ಯಾರದೇ ಆಗಿರಲಿ, ಅದರಲ್ಲಿ ಕೊಡುವ ಲೌಕಿಕ ವಿದ್ಯೆ ಚೆನ್ನಾಗಿದ್ದರೆ ಸರ್ಕಾರ ಧನಸಹಾಯ ಮಾಡುತ್ತದೆ, ಅಲ್ಲಿ ನಡೆಯುವ ಧರ್ಮೋಪದೇಶದ ತಂಟೆಗೆ ಹೋಗುವುದಿಲ್ಲ ಎಂಬುದು ಅದರ ಸೂತ್ರ. ಇಂದಿನ ಅನುದಾನಿತ ಶಾಲೆಗಳ ಮೂಲ ಅಲ್ಲಿದೆ.

ಕರಾವಳಿಯನ್ನೇ ನೋಡೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಹೋದರರು ಶಾಲೆ ತೆರೆದರು, ಮುದ್ರಣಾಲಯ ಸ್ಥಾಪಿಸಿದರು. ಅವರಲ್ಲೊಬ್ಬರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಇದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ವಿದ್ಯೆಗೆ ಕೈಹಾಕಿದರು. ಹೆಣ್ಣುಮಗಳು ಓದಿ ಏನಾಗಬೇಕು ಎಂದು ಊರೆಲ್ಲ ಕೇಳುತ್ತಿದ್ದ ಕಾಲ ಅದು. 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳು ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1882ರಲ್ಲಿ ಬೆಂಗಳೂರಿನಲ್ಲಿ ಪ್ಯಾರಿಸ್ ಮಿಷನ್ನಿನ ಗುರುಗಳು ಸಂತ ಜೋಸೆಫರ ಕಾಲೇಜನ್ನು ತೆರೆದರು. 1921ರಲ್ಲಿ ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಶುರುವಾಯಿತು. ಅದೇ ವರ್ಷ ಜುಲೈ 16ರಂದು ನಮ್ಮ ಊರಿನವರೇ ಆದ ರೇಮಂಡ್ ಮಸ್ಕರೇನ್ಹಸ್ ಸ್ವಾಮಿಗಳು ಬೆಂದೂರಿನಲ್ಲಿ ಬೆಥನಿ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. ಪೇಟೆಯ ಶಾಲೆಗೆ ಬರಲಾಗದ ಹಳ್ಳಿಯ ಮಕ್ಕಳ ಬಳಿಗೆ ಶಾಲೆಯೇ ಹೋಗಬೇಕೆಂಬುದು ಆ ಸಭೆಯ ಹಂಬಲವಾಗಿತ್ತು.

ಈ ಶಾಲೆಗಳಲ್ಲಿ ಓದಿದವರಲ್ಲಿ ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಇದ್ದರು. ಗಂಟೆ ಬಾರಿಸಿದಾಗ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತರು. ಜಾತಿಯ ಗೋಡೆಗಳು ಒಂದೇ ದಿನಕ್ಕೆ ಬಿದ್ದವೆಂದು ನಾವು ಹೇಳುವುದಿಲ್ಲ. ನಮ್ಮ ಸಭೆಯೊಳಗೇ ಅವು ಇನ್ನೂ ಪೂರ್ತಿ ಬಿದ್ದಿಲ್ಲ. ಆದರೆ ಅಕ್ಕಪಕ್ಕ ಕೂತು ಅಕ್ಷರ ಕಲಿತ ಆ ಬೆಂಚು ನಮ್ಮ ನಾಡಿನ ದೊಡ್ಡ ಪಾಠಗಳಲ್ಲೊಂದು.

ಸಂವಿಧಾನ ರಚನಾ ಸಭೆಯಲ್ಲಿ

ಸ್ವಾತಂತ್ರ್ಯ ಬಂದಾಗ ಈ ಶಾಲೆಗಳ ಗತಿ ಏನು ಎಂಬ ಪ್ರಶ್ನೆ ಎದ್ದಿತು. ದೇಶ ಎರಡಾಗಿತ್ತು. ಧರ್ಮದ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಅಂಥ ಹೊತ್ತಿನಲ್ಲಿ ಶಾಲೆಯಲ್ಲಿ ಧರ್ಮವೇ ಬೇಡ ಎಂದು ಬರೆದಿಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ನಮ್ಮ ಹಿರಿಯರು ಹಾಗೆ ಮಾಡಲಿಲ್ಲ.

ಆ ಸಭೆಯಲ್ಲಿ ಕ್ರೈಸ್ತರೂ ಇದ್ದರು. ಬಂಗಾಳದ ಹರೇಂದ್ರ ಕೂಮರ್ ಮುಖರ್ಜಿಯವರು ಸಭೆಯ ಉಪಾಧ್ಯಕ್ಷರಾಗಿದ್ದರು, ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರೂ ಆಗಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಮದರಾಸಿನಿಂದ ಸದಸ್ಯರಾಗಿದ್ದರು. ಇವರೇ ಮುಂದೆ 1951ರಲ್ಲಿ ಇಂಡಿಯನ್ ಸೋಷಿಯಲ್ ಇನ್ಸ್ಟಿಟ್ಯೂಟ್ ಅನ್ನು ಸ್ಥಾಪಿಸಿದವರು.

1948ರ ಡಿಸೆಂಬರ್ ತಿಂಗಳ ಮೊದಲ ವಾರಗಳಲ್ಲಿ ಧರ್ಮಸ್ವಾತಂತ್ರ್ಯದ ಮತ್ತು ಶಾಲೆಗಳ ವಿಧಿಗಳು ಚರ್ಚೆಗೆ ಬಂದವು. ಡಿಸೆಂಬರ್ 6ರಂದು ಟಿ.ಟಿ. ಕೃಷ್ಣಮಾಚಾರಿಯವರು ಎದ್ದುನಿಂತು, ತಾವು ಹದಿನಾಲ್ಕು ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದ್ದಾಗಿಯೂ, ತಮ್ಮನ್ನು ಮತಾಂತರಿಸುವ ಯತ್ನವನ್ನು ಯಾರೂ ಮಾಡಲಿಲ್ಲವೆಂದೂ ಸಾಕ್ಷಿ ನುಡಿದರು. ನಮ್ಮ ಪರವಾಗಿ ಮಾತಾಡಲು ನಾವು ಯಾರನ್ನೂ ಕಳುಹಿಸಿರಲಿಲ್ಲ. ತರಗತಿಯಲ್ಲಿ ಹೆಸರಿಲ್ಲದೆ ದುಡಿದ ಶಿಕ್ಷಕರ ನಡತೆಯೇ ಅಲ್ಲಿ ಮಾತಾಡಿತು.

ಸರ್ಕಾರವೇ ನಡೆಸುವ ಶಾಲೆಯಲ್ಲಿ ಧರ್ಮೋಪದೇಶ ಏಕೆ ಬೇಡ ಎಂಬುದಕ್ಕೆ ಡಾ. ಅಂಬೇಡ್ಕರರು ಕಾರಣಗಳನ್ನು ಕೊಟ್ಟರು. ಎಲ್ಲರ ತೆರಿಗೆಯ ಹಣದಿಂದ ಒಂದು ಧರ್ಮದ ಬೋಧನೆ ನಡೆಸುವುದು ನ್ಯಾಯವಲ್ಲ. ಇಷ್ಟು ಧರ್ಮಗಳಿರುವ ದೇಶದಲ್ಲಿ ಎಲ್ಲ ಧರ್ಮಗಳನ್ನೂ ಬೋಧಿಸುವುದು ಸಾಧ್ಯವೂ ಅಲ್ಲ. ಈ ಮಾತುಗಳನ್ನು ಒಪ್ಪಲು ಕಥೋಲಿಕರಾದ ನಮಗೆ ಕಷ್ಟವೇನೂ ಇಲ್ಲ.

ಮುಂದಿನ ವರ್ಷ, 1949ರ ಮೇ 25 ಮತ್ತು 26ರಂದು, ಮತ್ತೊಂದು ದೊಡ್ಡ ನಿರ್ಧಾರವಾಯಿತು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ ಎಂದು ತೀರ್ಮಾನವಾಯಿತು. ಮುಖರ್ಜಿಯವರೂ ಜೆರೋಮ್ ಡಿಸೋಜರೂ ಅದನ್ನು ಬೆಂಬಲಿಸಿದರು. ಶಾಲೆಗಳ ಹಕ್ಕನ್ನು ಕೊಳ್ಳಲು ಮಾಡಿದ ವ್ಯಾಪಾರ ಇದಾಗಿರಲಿಲ್ಲ. ಆದರೆ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು. ನಮ್ಮ ಹಿರಿಯರು ಅಧಿಕಾರದ ಪಾಲನ್ನು ಕೈಬಿಟ್ಟರು, ಸೇವೆಯ ಅವಕಾಶವನ್ನು ಉಳಿಸಿಕೊಂಡರು. ನೆರೆಯವರ ಒಳ್ಳೆಯತನದ ಮೇಲೆ ಭರವಸೆ ಇಟ್ಟರು.

ಸಂವಿಧಾನ ಹೇಳುವುದೇನು?

ಈ ವಿಧಿಗಳನ್ನು ನಮ್ಮ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. 28ನೇ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧರ್ಮೋಪದೇಶ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಬೇರೆ ಶಾಲೆಗಳಲ್ಲಿ ಅದು ಇರಬಹುದು, ಆದರೆ ಯಾರನ್ನೂ ಬಲವಂತದಿಂದ ಅದರಲ್ಲಿ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕೇ ಬೇಕು. 29ನೇ ವಿಧಿಯು ತಮ್ಮ ಭಾಷೆ, ಲಿಪಿ, ಸಂಸ್ಕೃತಿಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಜೊತೆಗೆ ಅನುದಾನಿತ ಶಾಲೆಯು ಬರೀ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. 30ನೇ ವಿಧಿಯು ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರು ತಮಗಿಷ್ಟವಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು ಎನ್ನುತ್ತದೆ. ಅನುದಾನ ಕೊಡುವಾಗ ಅವುಗಳಿಗೆ ಭೇದ ಮಾಡಬಾರದೆಂದೂ ಸರ್ಕಾರಕ್ಕೆ ವಿಧಿಸುತ್ತದೆ.

ಬೇರೆ ದೇಶಗಳೊಂದಿಗೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಅಮೆರಿಕದಲ್ಲಿ ಧಾರ್ಮಿಕ ಶಾಲೆ ನಡೆಸುವ ಸ್ವಾತಂತ್ರ್ಯವಿದೆ, ಆದರೆ ಸರ್ಕಾರದ ನೇರ ಅನುದಾನದ ಪದ್ಧತಿ ಅಲ್ಲಿ ಬೆಳೆಯಲಿಲ್ಲ. 1905ರಲ್ಲಿ ಸರ್ಕಾರ ಮತ್ತು ಧರ್ಮಸಭೆಯನ್ನು ಬೇರ್ಪಡಿಸಿದ ಫ್ರಾನ್ಸ್ ದೇಶ 1959ರ ಕಾನೂನಿನಿಂದ ಒಪ್ಪಂದ ಮಾಡಿಕೊಂಡ ಕಥೋಲಿಕ ಶಾಲೆಗಳ ಶಿಕ್ಷಕರಿಗೆ ಸಂಬಳ ಕೊಡುತ್ತದೆ. ಪ್ರತಿಯಾಗಿ ಆ ಶಾಲೆಗಳು ಸರ್ಕಾರದ ಪಠ್ಯಕ್ರಮವನ್ನು ಪಾಲಿಸಬೇಕು, ಎಲ್ಲ ಮತದ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಇದು ಬರೀ ಕಾನೂನಲ್ಲ, ಮೂಲಭೂತ ಹಕ್ಕು.

'ಸೆಕ್ಯುಲರ್' ಎಂಬ ಪದ ಸಂವಿಧಾನದ ಪೀಠಿಕೆಗೆ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯ ಮೂಲಕ. ಕನ್ನಡದಲ್ಲಿ ಅದನ್ನು ಜಾತ್ಯತೀತ ಎಂದೆವು, ಧರ್ಮನಿರಪೇಕ್ಷ ಎಂದೆವು, ಸರ್ವಧರ್ಮ ಸಮಭಾವ ಎಂದೂ ಕರೆದೆವು. ಮೂರರಲ್ಲಿ ನಮ್ಮ ಸಂವಿಧಾನದ ಮನಸ್ಸಿಗೆ ಹತ್ತಿರವಾದುದು ಮೂರನೆಯದು ಎಂದು ನಮಗನಿಸುತ್ತದೆ. ಸರ್ಕಾರಕ್ಕೆ ಧರ್ಮವಿಲ್ಲ, ಆದರೆ ಧರ್ಮವಿರುವ ಪ್ರಜೆಗಳ ಮೇಲೆ ಅದಕ್ಕೆ ಮುನಿಸೂ ಇಲ್ಲ.

ನ್ಯಾಯಾಲಯದ ಮೆಟ್ಟಿಲಲ್ಲಿ

ಕಾಗದದ ಮೇಲಿನ ಹಕ್ಕು ಪರೀಕ್ಷೆಗೆ ಬಂದದ್ದು ಕೇರಳದಲ್ಲಿ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ ಶಿಕ್ಷಣ ಮಸೂದೆಯನ್ನು ತಂದಿತು. ಅದನ್ನು ಮಂಡಿಸಿದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಸ್ವತಃ ಕ್ರೈಸ್ತ ಕುಟುಂಬದಿಂದ ಬಂದವರು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಉತ್ತರಿಸಿತು. ಅಲ್ಪಸಂಖ್ಯಾತರ ಶಾಲೆಗಳ ಆಡಳಿತವನ್ನು ಸರ್ಕಾರ ಕಿತ್ತುಕೊಳ್ಳುವ ಕಲಮುಗಳು ಅವರ ಹಕ್ಕಿಗೆ ವಿರುದ್ಧ ಎಂದಿತು. ಬೇರೆ ಸಮುದಾಯದ ಮಕ್ಕಳು ಸೇರಿದ ಮಾತ್ರಕ್ಕೆ ಶಾಲೆಯ ಅಲ್ಪಸಂಖ್ಯಾತ ಸ್ವರೂಪ ಹೋಗುವುದಿಲ್ಲ ಎಂದಿತು. ಆದರೆ ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲ ಎಂದೂ ಸ್ಪಷ್ಟವಾಗಿ ಹೇಳಿತು.

ಆ ಮಸೂದೆಯ ವಿರುದ್ಧ ನಡೆದ ಚಳವಳಿಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. 1959ರ ಜುಲೈ 31ರಂದು ಆ ಸರ್ಕಾರವೇ ವಜಾ ಆಯಿತು. ಆದರೆ ಪ್ರಾಮಾಣಿಕರಾಗಿ ಇನ್ನೊಂದನ್ನೂ ಒಪ್ಪಬೇಕು. ಖಾಸಗಿ ಆಡಳಿತ ಮಂಡಳಿಗಳ ಕೈಯಲ್ಲಿ ಶಿಕ್ಷಕರ ಸಂಬಳಕ್ಕೂ ಕೆಲಸಕ್ಕೂ ಭದ್ರತೆ ಇರಲಿಲ್ಲ ಎಂಬ ದೂರಿನಿಂದಲೇ ಆ ಮಸೂದೆ ಹುಟ್ಟಿತ್ತು. ಆ ದೂರು ಪೂರ್ತಿ ಸುಳ್ಳಾಗಿರಲಿಲ್ಲ.

ಮುಂದೆ 1974ರಲ್ಲಿ ಅಹಮದಾಬಾದಿನ ಸಂತ ಝೇವಿಯರ್ ಕಾಲೇಜಿನ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಈ ಹಕ್ಕು ಬರೀ ಧರ್ಮ ಅಥವಾ ಭಾಷೆಯನ್ನು ಕಲಿಸುವ ಶಾಲೆಗಳಿಗೆ ಸೀಮಿತವಲ್ಲ, ಸಾಮಾನ್ಯ ಶಿಕ್ಷಣಕ್ಕೂ ಅನ್ವಯಿಸುತ್ತದೆ ಎಂದು ಹೇಳಿತು. ನಮ್ಮ ಕರ್ನಾಟಕದಿಂದ ಹೊರಟ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ಎಣಿಸಬೇಕು, ಅಲ್ಪಸಂಖ್ಯಾತರಷ್ಟೇ ಅಲ್ಲ ಎಲ್ಲ ಪ್ರಜೆಗಳಿಗೂ ವಿದ್ಯಾಸಂಸ್ಥೆ ಸ್ಥಾಪಿಸುವ ಹಕ್ಕಿದೆ, ಆದರೆ ವಂತಿಗೆ ವಸೂಲಿಗೂ ಲಾಭಕೋರತನಕ್ಕೂ ಎಡೆಯಿಲ್ಲ ಎಂದಿತು.

ಬಹುಸಂಖ್ಯಾತ ಸೋದರರಿಗೂ ಈ ವಿಷಯದಲ್ಲಿ ಒಂದು ನೋವಿದೆ. ರಾಮಕೃಷ್ಣ ಮಿಷನ್ನಿನಂಥ ಸೇವಾಸಂಸ್ಥೆಯೇ ತನ್ನ ವಿದ್ಯಾಸಂಸ್ಥೆಗಳನ್ನು ಸರ್ಕಾರದ ಹಸ್ತಕ್ಷೇಪದಿಂದ ಉಳಿಸಿಕೊಳ್ಳಲು ತಾನೂ ಅಲ್ಪಸಂಖ್ಯಾತ ಎಂದು ವಾದಿಸಬೇಕಾಯಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ನಮಗಿರುವ ರಕ್ಷಣೆ ನೆರೆಯವರಿಗೆ ಏಕಿಲ್ಲ ಎಂದು ಅವರು ಕೇಳಿದಾಗ ನಾವು ಸಿಟ್ಟಾಗಬಾರದು. ನಮ್ಮ ಹಕ್ಕು ಇನ್ನೊಬ್ಬರಿಗೆ ಮೇಲಾಗುವ ವರವಲ್ಲ, ಎಣಿಕೆಯಲ್ಲಿ ಕಡಿಮೆ ಇರುವವರು ಸಮಾನರಾಗಿ ನಿಲ್ಲಲು ಕೊಟ್ಟ ಊರುಗೋಲು ಎಂದು ಸಮಾಧಾನದಿಂದ ಹೇಳಬೇಕು.

ನಮ್ಮ ಎದೆ ಮುಟ್ಟಿ ನೋಡಿಕೊಳ್ಳೋಣ

ಈಗ ಕಷ್ಟದ ಮಾತಿಗೆ ಬರೋಣ. ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನಾಲ್ಕರಲ್ಲೊಂದು ಪಾಲು ಸೀಟು ಮೀಸಲಿಡುವ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದಿತು. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಅದನ್ನು ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟರು. ಕಾನೂನಿನ ತೀರ್ಮಾನ ಕಾನೂನು ಬಲ್ಲವರದು. ಆದರೆ ನಮ್ಮ ಮನಸ್ಸಾಕ್ಷಿಯ ತೀರ್ಮಾನಕ್ಕೆ ಯಾವ ಪೀಠವೂ ಬೇಕಿಲ್ಲ. ಕಾನೂನು ನಮ್ಮನ್ನು ಬಲವಂತಪಡಿಸಲಿಲ್ಲವೆಂದು ಕೂಲಿಯವನ ಮಗುವಿಗೆ ನಮ್ಮ ಗೇಟು ಮುಚ್ಚಿದ್ದರೆ, ನಾವು ಉಳಿಸಿಕೊಂಡದ್ದು ಹಕ್ಕನ್ನೋ, ಬರೀ ಕಟ್ಟಡವನ್ನೋ?

ಅದೇ 2014ರ ಮೇ 6ರಂದು ಇನ್ನೊಂದು ತೀರ್ಪೂ ಬಂತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಹೊರಡಿಸಿದ್ದ ಆದೇಶವನ್ನು ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪೋಷಕರದು ಎಂದು ಸಂವಿಧಾನ ಪೀಠ ಹೇಳಿತು. ಪೋಷಕರ ಹಕ್ಕನ್ನು ಧರ್ಮಸಭೆಯೂ ಎತ್ತಿಹಿಡಿಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಿಯನ್ನೇ ಮಕ್ಕಳ ಮೊದಲ ಗುರುಗಳೆಂದು ಕರೆದಿದೆ. ಆದರೂ ಭಾಷೆ, ಸಂಸ್ಕೃತಿಗಳನ್ನು ಕಾಪಾಡಲೆಂದೇ ಸಿಕ್ಕ ಹಕ್ಕನ್ನು ಹಿಡಿದುಕೊಂಡು, ಎಷ್ಟೋ ಕಡೆ ನಮ್ಮವೇ ಕನ್ನಡ ಮಾಧ್ಯಮದ ತರಗತಿಗಳನ್ನು ನಾವು ಮುಚ್ಚಿದ್ದೇವೆ. ಕನ್ನಡದಲ್ಲಿ ಜಪ ಹೇಳಿ ಕನ್ನಡದಲ್ಲಿ ಓದಲಾಗದ ಮಕ್ಕಳು ನಮ್ಮ ದೇವಾಲಯದ ಬೆಂಚುಗಳಲ್ಲಿದ್ದಾರೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಹಟ್ಟಿಯ ಮಗುವಿಗೂ ಅದು ಬೇಕು. ಆದರೆ ಊರ ಭಾಷೆಯಲ್ಲಿ ಬೇರೂರದ ಶಾಲೆ ಊರಿಗೆ ನೆಂಟನಾಗಿಯೇ ಉಳಿಯುತ್ತದೆ.

ಇನ್ನು ಪ್ರಾರ್ಥನೆಯ ವಿಷಯ. ನಮ್ಮ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಬೋಧೆ ಎಂಬ ಪದ್ಧತಿ ಸಂವಿಧಾನಕ್ಕೂ ಸರಿ, ಮಹಾಸಭೆಯ ಬೋಧನೆಗೂ ಸರಿ. 1965ರ ಡಿಸೆಂಬರ್ 7ರಂದು ಧರ್ಮಸ್ವಾತಂತ್ರ್ಯದ ಬಗ್ಗೆ ಹೊರಬಂದ ಘೋಷಣೆಯು ವಿಶ್ವಾಸದಲ್ಲಿ ಬಲವಂತಕ್ಕೆ ಎಡೆಯೇ ಇಲ್ಲ ಎಂದು ಸಾರಿದೆ. ಆದ್ದರಿಂದ 28ನೇ ವಿಧಿಯು ನಮ್ಮ ಕೈಗೆ ಹಾಕಿದ ಬೇಡಿಯಲ್ಲ. ಒಬ್ಬ ಹಿಂದೂ ಅಥವಾ ಮುಸ್ಲಿಂ ತಾಯಿ ತನ್ನ ಮಗುವನ್ನು ನಮ್ಮ ಕೈಗೊಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹೋದರೆ, ಅದು ನಮ್ಮ ಶಾಲೆಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ. ಆದರೆ ನಮ್ಮವೇ ಮಕ್ಕಳಿಗೆ ಧರ್ಮೋಪದೇಶದ ತರಗತಿಯನ್ನು ಪರೀಕ್ಷೆಯ ನೆಪದಲ್ಲಿ ರದ್ದುಮಾಡಿದರೆ, ಅದಕ್ಕೆ ಸಂವಿಧಾನವನ್ನು ದೂರುವುದು ಸಲ್ಲದು.

ಅರಸರು ಕೇಳುವ ಪ್ರಶ್ನೆ

ಕ್ರಿಸ್ತರಾಜರ ಹಬ್ಬದ ಶುಭಸಂದೇಶ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಒಂದು ವರ್ಷ ಪ್ರಭು ಪಿಲಾತನ ಮುಂದೆ ನಿಂತು, ತಮ್ಮ ರಾಜ್ಯ ಲೋಕದ ರಾಜ್ಯಗಳಂತಲ್ಲವೆಂದು ತಿಳಿಸುತ್ತಾರೆ. ಒಂದು ವರ್ಷ ಶಿಲುಬೆಯ ಮೇಲಿಂದಲೇ ಕಳ್ಳನೊಬ್ಬನಿಗೆ ಸ್ವರ್ಗದ ಬಾಗಿಲು ತೆರೆಯುತ್ತಾರೆ. ಮತ್ತೊಂದು ವರ್ಷ ನ್ಯಾಯಪೀಠದಲ್ಲಿ ಕೂತು, ಹಸಿದವನಿಗೆ, ಬಾಯಾರಿದವನಿಗೆ, ಪರದೇಶಿಗೆ ನಾವು ಏನು ಮಾಡಿದೆವೆಂದು ವಿಚಾರಿಸುತ್ತಾರೆ. ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ ಎಷ್ಟು ಎಂದು ಆ ಪೀಠದಲ್ಲಿ ಯಾರೂ ಕೇಳುವುದಿಲ್ಲ. ಯಾವ ಮಗುವನ್ನು ಒಳಗೆ ಕರೆದುಕೊಂಡಿರಿ ಎಂದು ಕೇಳಿದರೆ ಮಾತ್ರ ನಾವು ಉತ್ತರ ಕೊಡಬೇಕಾಗುತ್ತದೆ.

ಆದ್ದರಿಂದ ಈ ಹಬ್ಬದ ವಾರ ಪ್ರತಿ ಧರ್ಮಕೇಂದ್ರದಲ್ಲೂ ಕೆಲವು ಕೆಲಸಗಳನ್ನು ಮಾಡೋಣ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸಂವಿಧಾನದ 25ರಿಂದ 30ರವರೆಗಿನ ವಿಧಿಗಳನ್ನು ಓದೋಣ. ಪಾಲನಾ ಸಮಿತಿಯಲ್ಲಿ ಕೂತು, ನಮ್ಮ ಊರಿನಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಮಕ್ಕಳೆಷ್ಟು ಎಂದು ಲೆಕ್ಕ ಹಾಕೋಣ. ಅವರಲ್ಲಿ ಕಥೋಲಿಕರನ್ನು ಮಾತ್ರ ಎಣಿಸಬಾರದು. ನಮ್ಮ ಶಾಲೆಗಳಲ್ಲಿ ದುಡಿಯುವ ಶಿಕ್ಷಕರಿಗೆ ನ್ಯಾಯವಾದ ಸಂಬಳ ಸಿಗುತ್ತಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸೋಣ. ಧರ್ಮೋಪದೇಶವನ್ನು ಶಾಲೆಯ ತಲೆಗೆ ಕಟ್ಟಿ ಸುಮ್ಮನಿರದೆ, ಸಂಜೆಯ ಜಪಸರದ ಹೊತ್ತಿಗೆ ಮನೆಯಲ್ಲೇ ಆರಂಭಿಸೋಣ.

ನಮ್ಮ ಹಿರಿಯರು ಸಿಂಹಾಸನದ ಪಾಲು ಕೇಳಲಿಲ್ಲ. ಒಂದು ಕರಿಹಲಗೆ, ಒಂದು ಬೆಂಚು, ಸ್ವಲ್ಪ ಸ್ವಾತಂತ್ರ್ಯ ಕೇಳಿದರು. ದೇಶ ಅದನ್ನು ಕೊಟ್ಟಿತು. ಆ ನಂಬಿಕೆಗೆ ನಾವು ತಕ್ಕವರಾಗಿರೋಣ. ಸೇವೆ ಮಾಡಿಸಿಕೊಳ್ಳಲು ಬಾರದೆ ಸೇವೆ ಮಾಡಲು ಬಂದ ಕ್ರಿಸ್ತರಾಜರು ನಮ್ಮ ಕುಟುಂಬಗಳನ್ನೂ, ಶಾಲೆಗಳನ್ನೂ, ಅಲ್ಲಿ ಕಲಿಯುವ ಸಕಲ ಧರ್ಮಗಳ ಮಕ್ಕಳನ್ನೂ, ನಮ್ಮ ಪ್ರಿಯ ನಾಡನ್ನೂ ಹರಸಲಿ. ಆಮೆನ್.